35 ಬಂದರೆ ಪಾಸಲ್ಲ

ಮಾನ್ಯ ಸಂಪಾದಕರೇ,

ಹೃದಯಾಘಾತದಿಂದ ಯಾರಾದರೂ ತೀರಿಕೊಂಡರೆ ಪೇಪರಿನಲ್ಲಿ ಸುದ್ದಿ ಬರುತ್ತದೆ. ಬದುಕಿ ಮನೆಗೆ ಬಂದವರ ಪಾಡು ಬರುವುದಿಲ್ಲ. ನಾನು ಬದುಕಿ ಬಂದವರ ಪೈಕಿ. ದಾವಣಗೆರೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು 31 ವರ್ಷವಾಯಿತು.

ಹೋದ ಬೇಸಿಗೆಯಲ್ಲಿ ಅಂಗಡಿಯಲ್ಲೇ ಎದೆ ಹಿಂಡಿತು, ಎಡ ದವಡೆ ಜಗ್ಗಿತು, ಅಂಗಿಯೆಲ್ಲ ಒದ್ದೆ. ಹಿಂದಿನ ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದೆ. ಗ್ಯಾಸೇ ಇರಬೇಕೆಂದು ನಿಂಬೆ ಸೋಡಾ ಕುಡಿದು ಬೆಂಚಿನ ಮೇಲೆ ಉರುಳಿಕೊಂಡೆ. ಆಸ್ಪತ್ರೆ ಸೇರಿದ್ದು ಐದು ತಾಸಿನ ಮೇಲೆ. ಸ್ಟೆಂಟ್ ಹಾಕಿ ರಕ್ತನಾಳ ತೆರೆದರು, ಆದರೆ ಅಷ್ಟರೊಳಗೆ ರಕ್ತವಿಲ್ಲದೆ ಸತ್ತ ಮಾಂಸ ಸತ್ತೇ ಹೋಗಿತ್ತು. ಸುಟ್ಟ ಕಾಯಿಲ್ ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕಸುಬು. ಹೃದಯದ ಗೋಡೆಗೆ ಆ ಸೌಲಭ್ಯ ಇಲ್ಲ. ಅಲ್ಲಿ ಗಾಯದ ಕಲೆ ಕೂರುತ್ತದೆ, ಕಲೆ ಮಿಡಿಯುವುದಿಲ್ಲ.

ಡಿಸ್ಚಾರ್ಜ್ ಚೀಟಿ ಮೂರು ಪುಟ, ಪೂರಾ ಇಂಗ್ಲಿಷು. ಅದರಲ್ಲಿ ‘ಇ.ಎಫ್. 35’ ಎಂದಿತ್ತು. ‘ಎಸ್ಸೆಸ್ಸೆಲ್ಸಿ ಲೆಕ್ಕದಾಗ ಪಾಸಾದ್ರಿ ಬಿಡ್ರಿ’ ಅಂದಳು ನನ್ನ ಹೆಂಡತಿ. ನಾನೂ ನಕ್ಕೆ. ಹೃದಯದ ಎಡ ಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕವಂತೆ ಅದು. ಗಟ್ಟಿ ಇರುವವರಿಗೂ 55ರಿಂದ 70 ಅಷ್ಟೇ. ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. ಇದನ್ನು ಆಗ ಯಾರೂ ಹೇಳಲಿಲ್ಲ.

ಎರಡು ತಿಂಗಳಿಗೆ ಚಪ್ಪಲಿ ಬಿಗಿಯಾಯಿತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ನಾದಿದ ಹಿಟ್ಟಿನ ಹಾಗೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಸಿಗದು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು, ಕೊನೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ. ಎರಡನೇ ಸಲ ಅಡ್ಮಿಟ್ ಆದಾಗ ಎಳೆಯ ಡಾಕ್ಟರೊಬ್ಬರು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದರು. ಪಂಪು ಸೋತರೆ ಕಿಡ್ನಿಗೆ ರಕ್ತ ಕಮ್ಮಿ ಬರುತ್ತದೆ. ಮೈಯಲ್ಲಿ ನೀರೇ ಇಲ್ಲವೆಂದು ತಿಳಿದು ಅದು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಮೊದಲೇ ಇಷ್ಟು ಗೊತ್ತಿದ್ದರೆ ಕಾಲು ಬಾತ ದಿನವೇ ಹೋಗುತ್ತಿದ್ದೆ.

ಈಗ ಬೆಳಿಗ್ಗೆ ಎದ್ದು ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ಫೋನ್ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ ಬಂದ್. ಮಿರ್ಚಿ ಗಾಡಿ ದಾಟಿ ಹೋಗುವ ಕಷ್ಟ ದಾವಣಗೆರೆಯವರಿಗೆ ಹೇಳಬೇಕಿಲ್ಲ.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಒಳ್ಳೆಯದು. ಮನೆಗೆ ಕಳಿಸುವಾಗ ಕನ್ನಡದಲ್ಲಿ ಒಂದು ಹಾಳೆಯನ್ನೂ ಕೊಡಲಿ, ಖಾಸಗಿಯವರೂ ಕೊಡಲಿ: ಇ.ಎಫ್. ಅಂದರೇನು, ತೂಕ ಎಷ್ಟು ಏರಿದರೆ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ನಾನು ಎರಡು ಎಚ್‌ಪಿ ಮೋಟರ್ ರಿಪೇರಿ ಮಾಡಿ ಕೊಟ್ಟರೂ ‘ವೋಲ್ಟೇಜ್ ಕಮ್ಮಿ ಇದ್ದಾಗ ಹಾಕಬೇಡಿ’ ಅಂತ ಚೀಟಿ ಬರೆದು ಕಟ್ಟಿ ಕಳಿಸುತ್ತೇನೆ.

– ಒಬ್ಬ ಮೋಟರ್ ಮೆಕ್ಯಾನಿಕ್, ದಾವಣಗೆರೆ