ಹಳೇ ದೊಡ್ಡ ಮನೆಗಳಲ್ಲಿ ವೈಫೈ ಪರದಾಟ

ಸಂಪಾದಕರೇ,

ಮಡಗಾಂವ್ ಸುತ್ತಮುತ್ತ ಹಳೇ ಮನೆಗಳಲ್ಲಿ ಬಾಡಿಗೆಗಿರೋ ನಮ್ಮ ಕನ್ನಡದೋರದ್ದು ಒಂದೇ ಗೋಳು, ಮುಂದಿನ ಪಡಸಾಲೆಲಿ ನೆಟ್ ಜೋರು, ಹಿಂದಿನ ಕೋಣೆಗೆ ಹೋದ್ರೆ ವಿಡಿಯೋ ಕಾಲ್ ಕಟ್. ಇಲ್ಲಿ ಗೋಡೆಗಳು ದಪ್ಪ ಕೆಂಪು ಮುರಕಲ್ಲಿನವು, ಮಳೆಗಾಲದಲ್ಲಿ ತೇವ ಬೇರೆ ಹಿಡಿದಿರ್ತವೆ, ರೌಟರ್ ಬಿಡೋ ಎರಡು ಥರದ ವೈಫೈ ಸಿಗ್ನಲ್‌ನಲ್ಲಿ ವೇಗದ 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟೋದೂ ಕಷ್ಟ, 2.4 ಗಿಗಾಹರ್ಟ್ಸ್ ಸ್ವಲ್ಪ ದೂರ ಹೋಗತ್ತೆ ಆದ್ರೆ ಸ್ಪೀಡ್ ಕಮ್ಮಿ.

ಕನೆಕ್ಷನ್ ಕೊಡೋ ಹುಡುಗರು ಬಾಗಿಲ ಪಕ್ಕದಲ್ಲೇ ರೌಟರ್ ಹೊಡೆದು ಹೋಗ್ಬಿಡ್ತಾರೆ, ಇದು ನನಗೆ ಸರಿ ಕಾಣಲ್ಲ. ಫೈಬರ್ ವೈರ್ ಸಣ್ಣದು, ಮನೆ ಮಧ್ಯದವರೆಗೂ ತರಬಹುದು, ಗಟ್ಟಿಯಾಗಿ ಕೇಳಿ ಹಾಕಿಸ್ಕೊಳ್ಳಿ. ಅಂಗಡಿಯವ್ರು ತೋರಿಸೋ ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಸಿಗ್ನಲ್ ತಗೊಂಡು ಅದ್ರಲ್ಲೇ ಮುಂದಕ್ಕೆ ಕಳಿಸತ್ತೆ, ಹಾಗಾಗಿ ಸ್ಪೀಡ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ. ಅದಕ್ಕಿಂತ ರೌಟರ್‌ನಿಂದ ಒಂದೇ ಒಂದು ಕ್ಯಾಟ್ 6 ಕೇಬಲ್ (ನೆಟ್‌ವರ್ಕ್ ವೈರ್) ಹಿಂದಕ್ಕೆ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್ (ವೈರ್‌ನಿಂದ ನೆಟ್ ತಗೊಂಡು ವೈಫೈ ಬಿಡೋ ಡಬ್ಬಿ) ಇಡಿ, 100 ಮೀಟರ್‌ವರೆಗೆ ತೊಂದ್ರೆ ಇಲ್ಲ, ಹೆಂಚಿನ ಮಾಡಿನ ಕೆಳಗಿಂದ ತಂದ್ರೆ ಎಷ್ಟೋ ಮನೇಲಿ ಗೋಡೆ ಕೊರೆಯೋದೇ ಬೇಡ. ಅದೂ ಆಗಲ್ಲ ಅಂದ್ರೆ ಮೆಶ್ (ಒಂದೇ ವೈಫೈ ಆಗಿ ಕೆಲಸ ಮಾಡೋ ಎರಡು-ಮೂರು ಡಬ್ಬಿಗಳ ಸೆಟ್) ತಗೊಳ್ಳಿ, ಆದ್ರೆ ಎರಡನೇ ಡಬ್ಬಿಯನ್ನ ಸಿಗ್ನಲ್ ಸತ್ತ ಕೋಣೆಲಿ ಇಡ್ಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರೋ ಅರ್ಧ ದಾರಿಲಿ, ಬಾಗಿಲಿನ ನೇರಕ್ಕೆ ಇಡಿ.

ಮನೆ ಮಾಲೀಕರಲ್ಲಿ ಕಳಕಳಿಯ ವಿನಂತಿ, ರಿಪೇರಿ ಮಾಡಿಸುವಾಗ ಕರೆಂಟ್ ಪೈಪ್ ಬಿಟ್ಟು ಬೇರೆ ಒಂದು ಖಾಲಿ ಪೈಪ್‌ನ ಕೋಣೆಯಿಂದ ಕೋಣೆಗೆ ಹಾಕ್ಸಿಬಿಡಿ, ಕೇಬಲ್ ಖರ್ಚು ಬಾಡಿಗೆಯವರು ನಾವೇ ಹಾಕ್ಕೋತೀವಿ.

– ಒಬ್ಬ ಓದುಗ, ಮಡಗಾಂವ್, ಗೋವಾ