ಯುದ್ಧ ಮುಗಿದರೂ ಮನೆ ಸಿಗಲಿಲ್ಲ

ಸಂಪಾದಕರೇ,

ಪ್ರತಿ ವರ್ಷ ಮೇ 8 ಬಂದರೆ, 1945ರಲ್ಲಿ ಯುರೋಪಿನಲ್ಲಿ ಯುದ್ಧ ಮುಗಿದಾಗಿನ ಸಂಭ್ರಮದ ಫೋಟೊಗಳೇ ಜಾಸ್ತಿ. ಜರ್ಮನಿಯ ರಸ್ತೆಗಳಲ್ಲಿ ಗಂಟುಮೂಟೆ ಹೊತ್ತು ನಡೆದ ಲಕ್ಷಾಂತರ ಜನರ ಮಾತು ಯಾರೂ ಎತ್ತುವುದಿಲ್ಲ. ನಾಜಿಗಳು ಬಿಟ್ಟಿ ದುಡಿಸಲು ಪೋಲೆಂಡ್, ಉಕ್ರೇನ್‌ಗಳಿಂದ ಎಳೆತಂದವರು, ಸಾವಿನ ಶಿಬಿರಗಳಲ್ಲಿ ಬದುಕುಳಿದ ಯಹೂದಿಗಳು ಅವರಲ್ಲಿದ್ದರು.

ಬಹಳಷ್ಟು ಮಂದಿ ಕೆಲವೇ ತಿಂಗಳಲ್ಲಿ ಊರು ಸೇರಿದರು, ನಿಜ. ಆದರೆ ಸುಮಾರು 10 ಲಕ್ಷ ಜನ ಅಲ್ಲೇ ಉಳಿದರು. ಕೆಲವರಿಗೆ ಮನೆಯೇ ಇರಲಿಲ್ಲ. ಕೆಲವರಿಗೆ ಸ್ಟಾಲಿನ್ ಭಯ. ಸುಮ್ನೆ ಭಯವಲ್ಲ ಅದು. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮಾಡಿಕೊಂಡ ಯಾಲ್ಟಾ ಒಪ್ಪಂದದ ಹೆಸರಲ್ಲಿ ಸೋವಿಯತ್ ಪ್ರಜೆಗಳನ್ನು, ಅವರು ಒಲ್ಲೆ ಎಂದರೂ, ವಾಪಸ್ ಅಟ್ಟಿದ್ದುಂಟು.

ಜರ್ಮನಿಯಲ್ಲಿ ನಾಜಿಗಳ ಸೆರೆಶಿಬಿರವಾಗಿದ್ದ ಬರ್ಗನ್-ಬೆಲ್ಸನ್ ನೋಡಿ. ಬಿಡುಗಡೆಯಾದ ಯಹೂದಿಗಳು ಪಕ್ಕದ ಸೈನಿಕರ ಬ್ಯಾರಕ್‌ಗಳಲ್ಲೇ 1950ರವರೆಗೆ ಬಾಳಿದರು. ಅಲ್ಲೇ ಶಾಲೆ, ಪತ್ರಿಕೆ, ನಾಟಕ ತಂಡ. ಮದುವೆಗಳಾದವು, ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದವು! ಜರ್ಮನಿಯದೇ ಬವೇರಿಯಾದಲ್ಲಿ ಇಂಥ ನಿರಾಶ್ರಿತರಿದ್ದ ಫೋರೆನ್‌ವಾಲ್ಡ್ ಶಿಬಿರ ಮುಚ್ಚಿದ್ದು 1957ರಲ್ಲಿ. ಹನ್ನೆರಡು ವರ್ಷ ಅಂದರೆ ಒಂದು ಮಗುವಿನ ಇಡೀ ಬಾಲ್ಯ, ಅಲ್ವಾ?

ಮುಂದಿನ ಮೇ ತಿಂಗಳಲ್ಲಿ ವಿಜಯದ ಚಿತ್ರಗಳ ಜೊತೆ ಇವರ ಬಗ್ಗೆಯೂ ಒಂದು ಪುಟ ಕೊಡಿ.

— ಒಬ್ಬ ಓದುಗ, ಮೈಸೂರು