ಆ ಹುಡುಗ ಎಲ್ಲಿ ಹೋದ?

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಕೊರಿಯನ್ ಸೀರಿಯಲ್‌ಗಳ ಬಗ್ಗೆ ಬಂದ ಬರಹ ಓದಿದೆ. ಒಬ್ಬರ ಜೀವ ಇನ್ನೊಬ್ಬರ ಮೈಯೊಳಗೆ ಸೇರುವ ಕಥೆಗಳನ್ನು ತಲೆಬುಡವಿಲ್ಲದ ಕಲ್ಪನೆ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ನನಗೆ ಅದು ಸರಿ ಕಾಣಲಿಲ್ಲ. ಆ ಕಥೆಗಳಲ್ಲಿ ತಪ್ಪಿದೆ ನಿಜ. ಆದರೆ ತಪ್ಪು ಇರುವ ಜಾಗ ಅದಲ್ಲ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ದೊಡ್ಡ ಉದ್ಯಮದ ಮುದುಕ ಚೇರ್ಮನ್. ಕುರ್ಚಿಗಾಗಿ ಹೊಂಚು ಹಾಕುವ ಮಕ್ಕಳು. ಒಂದು ಅಪಘಾತವೋ ಕೊಲೆಯತ್ನವೋ ಆಗುತ್ತದೆ. ಚೇರ್ಮನ್‌ನ ಜೀವ ಕೆಳಗಿನ ದರ್ಜೆಯ ಒಬ್ಬ ಬಡ ಹುಡುಗನ ಮೈ ಸೇರುತ್ತದೆ. ತಾನೇ ಕಟ್ಟಿದ ಕಂಪನಿಗೆ ನೌಕರನಾಗಿ ಬಂದು, ಒಬ್ಬೊಬ್ಬ ಮಗನ ಮೇಲೂ ಸೇಡು ತೀರಿಸಿಕೊಂಡು, ಕೊನೆಗೆ ಬೋರ್ಡ್ ಮೀಟಿಂಗ್‌ನಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಾನೆ.

ನಾನು ಕಂಪನಿಯೊಂದರ ಶೇರು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಶೇರುಗಳೆಲ್ಲ ಕಾಗದದ ಮೇಲಿದ್ದ ಕಾಲ ಅದು. ವರ್ಗಾವಣೆಗೆ ಬಂದ ಅರ್ಜಿಯ ಸಹಿಯನ್ನು ನಮ್ಮಲ್ಲಿರುವ ಮಾದರಿ ಸಹಿಯ ಪಕ್ಕ ಇಟ್ಟು ತಾಳೆ ನೋಡುವುದು ನನ್ನ ಕೆಲಸ. ಒಮ್ಮೆ ಒಬ್ಬ ಹಿರಿಯರು ಮಗಳ ಕೈ ಹಿಡಿದುಕೊಂಡು ಬಂದರು. ಅವರಿಗೆ ಪಾರ್ಶ್ವವಾಯು ಆಗಿತ್ತು. ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಸಹಿ ಹಾಕಿದ್ದರು. 'ಸಹಿ ತಾಳೆಯಾಗುತ್ತಿಲ್ಲ' ಅಂತ ಅರ್ಜಿ ವಾಪಸ್ ಹೋಗಿತ್ತು. ಅದೇ ಕಾಗದ ಮೇಜಿನ ಮೇಲಿಟ್ಟು, 'ನಿಮ್ಮ ಮುಂದೆ ಕೂತಿರೋದು ನಾನೇ ಅಲ್ವಾಮ್ಮ?' ಅಂದರು. ಮಾತು ತೊದಲುತ್ತಿತ್ತು. ಅವರೇ, ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಕಂಪನಿಯ ರಿಜಿಸ್ಟರಿಗೆ ಗೊತ್ತಿದ್ದದ್ದು ಅವರ ಹಳೆಯ ಬಲಗೈ ಮಾತ್ರ. ಬ್ಯಾಂಕಿನವರಿಂದ ದೃಢೀಕರಣ ತರಿಸಿ, ಹೊಸ ಸಹಿ ದಾಖಲಾಗುವವರೆಗೆ ಅವರು ತಮ್ಮದೇ ಶೇರುಗಳಿಗೆ ಹೊರಗಿನವರು.

ಆದ್ದರಿಂದ ಚೇರ್ಮನ್ ಹುಡುಗನ ಮೈಯಲ್ಲಿ ಕಣ್ಣು ಬಿಟ್ಟು, 'ನಾನೇ ಚೇರ್ಮನ್' ಅಂತ ಕೂಗಿದಾಗ ಕಾವಲುಗಾರ ಅವನನ್ನು ಹೊರಗೆ ದಬ್ಬುವ ದೃಶ್ಯ ನನಗೆ ಕಲ್ಪನೆ ಅನ್ನಿಸುವುದೇ ಇಲ್ಲ. ಅಷ್ಟು ವರ್ಷ ಜನ ಎದ್ದು ನಿಲ್ಲುತ್ತಿದ್ದದ್ದು ಅವನ ಬುದ್ಧಿಗಲ್ಲ, ಅವನ ಹೆಸರಿನಲ್ಲಿದ್ದ ಶೇರಿಗೆ. ಕೊರಿಯಾದಲ್ಲಿ ದೊಡ್ಡ ವ್ಯವಹಾರಗಳಿಗೆ ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದ ಸ್ವಂತ ಮುದ್ರೆ ಒತ್ತುವ ಪದ್ಧತಿ ಬಹುಕಾಲದಿಂದ ಇದೆ. ಸೀರಿಯಲ್‌ನಲ್ಲಿ ಅಪ್ಪ ಆಸ್ಪತ್ರೆ ಸೇರಿದ ರಾತ್ರಿಯೇ ಮಕ್ಕಳು ಲಾಕರ್ ತೆಗೆಯುವುದು ಚಿನ್ನಕ್ಕಲ್ಲ, ಆ ಮುದ್ರೆಗೆ. ಬರೆದವರಿಗೆ ವಿಷಯ ಗೊತ್ತಿದೆ.

ಮೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಆಗುವುದು ಅಲ್ಲಿನ ನಿಜವಾದ ಮನೆತನಗಳಲ್ಲೂ ನಡೆದದ್ದೇ. ಸ್ಯಾಮ್‌ಸಂಗ್ ಚೇರ್ಮನ್ ಲೀ ಕುನ್-ಹೀ 2014ರ ಮೇ ತಿಂಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದರು. ಮತ್ತೆ ಹೊರಗೆ ಬರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆರು ವರ್ಷಕ್ಕೂ ಜಾಸ್ತಿ ಹಾಸಿಗೆಯಲ್ಲಿದ್ದರೂ ಚೇರ್ಮನ್ ಪದವಿ ಅವರ ಹೆಸರಿನಲ್ಲೇ ಇತ್ತು, ಶೇರುಗಳೂ ಅವರವೇ. ಮಗ ಲೀ ಜೇ-ಯಾಂಗ್ ಕೈಗೆ ಹಿಡಿತ ಬಂದದ್ದು ಈ ನಡುವೆ. ಅದರಲ್ಲಿ ಮುಖ್ಯ ಹೆಜ್ಜೆ 2015ರ ವಿಲೀನ. ಮಗನ ದೊಡ್ಡ ಪಾಲು ಇದ್ದದ್ದು ಅದೇ ಸಮೂಹದ ಕಂಪನಿಯಾದ ಚೀಲ್ ಇಂಡಸ್ಟ್ರೀಸ್‌ನಲ್ಲಿ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಶೇಕಡಾ 4ರಷ್ಟು ಶೇರು ಇದ್ದದ್ದು ಸ್ಯಾಮ್‌ಸಂಗ್ ಸಿ ಅಂಡ್ ಟಿ ಎಂಬ ಇನ್ನೊಂದು ಕಂಪನಿಯ ಬಳಿ. ಎರಡನ್ನೂ ಸೇರಿಸಿದರು; ಹಾಗೆ ಆ ಶೇರುಗಳ ಮೇಲೂ ಮಗನ ಹಿಡಿತ ಬಂತು. ಸಿ ಅಂಡ್ ಟಿಯ ಒಂದು ಶೇರಿಗೆ ಚೀಲ್‌ನ 0.35 ಶೇರು ಅಂತ ಲೆಕ್ಕ. ಸಿ ಅಂಡ್ ಟಿಯಲ್ಲಿ ಹಣ ಹಾಕಿದ್ದ ಹಲವರು ಇದು ನಮಗೆ ಅನ್ಯಾಯ ಅಂತ ಕೂಗಿದರು. ಜುಲೈ 17ರ ಸಭೆಯಲ್ಲಿ ಶೇಕಡಾ 69ಕ್ಕೂ ಹೆಚ್ಚು ಮತ ವಿಲೀನದ ಪರ ಬಿತ್ತು. ಜನರ ದುಡ್ಡಿನ ರಾಷ್ಟ್ರೀಯ ಪಿಂಚಣಿ ನಿಧಿಯೂ ಪರವಾಗಿ ಮತ ಹಾಕಿತು. ಹಾಗೆ ಹಾಕುವಂತೆ ಒತ್ತಡ ತಂದದ್ದಕ್ಕೆ ಆಗಿನ ಆರೋಗ್ಯ ಸಚಿವರು ಜೈಲಿಗೆ ಹೋದರು. ವಿಲೀನದ ಕೇಸಿನಲ್ಲಿ ಲೀ ಜೇ-ಯಾಂಗ್ ಮೇಲಿದ್ದ ಆರೋಪಗಳು ಮಾತ್ರ ಸಾಬೀತಾಗಲಿಲ್ಲ. 2025ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಖುಲಾಸೆಯನ್ನು ಎತ್ತಿಹಿಡಿಯಿತು.

ಲೊಟ್ಟೆ ಎಂಬ ಇನ್ನೊಂದು ದೊಡ್ಡ ಉದ್ಯಮದ ಮನೆತನದ್ದು ಇನ್ನೂ ಮನಸ್ಸು ಕಲಕುವ ಕಥೆ. ಸ್ಥಾಪಕ ಶಿನ್ ಕ್ಯುಕ್-ಹೋ ಅವರಿಗೆ ಆಗ ತೊಂಬತ್ತು ದಾಟಿತ್ತು. 2015ರ ಜುಲೈನಲ್ಲಿ ಹಿರಿಮಗ ಡಾಂಗ್-ಜೂ ತಂದೆಯನ್ನು ಗಾಲಿಕುರ್ಚಿಯಲ್ಲಿ ಟೋಕಿಯೋಗೆ ಕರೆದುಕೊಂಡು ಹೋದರು. ಅಲ್ಲಿ ಮುದುಕರು ನಿರ್ದೇಶಕರನ್ನು ವಜಾ ಮಾಡಿದೆ ಅಂದರು. ಅದರಲ್ಲಿ ಕಿರಿಮಗ ಡಾಂಗ್-ಬಿನ್ ಕೂಡ ಇದ್ದರು. ಮರುದಿನವೇ ಬೋರ್ಡು ಸೇರಿ, ಆ ಆದೇಶ ನಡೆಯುವುದಿಲ್ಲ ಅಂತ ಹೇಳಿ, ತಂದೆಯನ್ನೇ ಅಧಿಕಾರದಿಂದ ಇಳಿಸಿತು. ಆಮೇಲೆ ಶುರುವಾದ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ: ಕುರ್ಚಿಯಲ್ಲಿ ಕೂತು ಆ ಮಾತು ಆಡಿದ್ದು ತಂದೆಯೋ, ತಂದೆಯ ಬಾಯಲ್ಲಿ ಮಗನೋ? 2016ರಲ್ಲಿ ಸೋಲ್‌ನ ಕೌಟುಂಬಿಕ ನ್ಯಾಯಾಲಯ ಅವರ ವ್ಯವಹಾರ ನೋಡಿಕೊಳ್ಳಲು ಪಾಲಕರನ್ನು ನೇಮಿಸಿತು. ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದ ಮನುಷ್ಯನ 'ಹೂಂ' ಯಾರದ್ದು ಅಂತ ಕೋರ್ಟು ವಿಚಾರಣೆ ಮಾಡಬೇಕಾಯಿತು. ಇದಕ್ಕಿಂತ ದೊಡ್ಡ ಅದಲುಬದಲು ಯಾವ ಸೀರಿಯಲ್ ತೋರಿಸೀತು?

ಎಲ್‌ಜಿಯಲ್ಲಿ ಹಿರಿಮಗನಿಗೇ ಪಟ್ಟ ಎಂಬ ಸಂಪ್ರದಾಯ. ಚೇರ್ಮನ್ ಕೂ ಬೊನ್-ಮೂ ಒಬ್ಬನೇ ಮಗನನ್ನು ಕಳೆದುಕೊಂಡಿದ್ದರು. ಇಬ್ಬರು ಹೆಣ್ಣುಮಕ್ಕಳಿದ್ದರೂ 2004ರಲ್ಲಿ ತಮ್ಮನ ಮಗನನ್ನು ದತ್ತು ತೆಗೆದುಕೊಂಡರು. 2018ರಲ್ಲಿ ಆ ದತ್ತುಮಗನೇ ಚೇರ್ಮನ್ ಆದರು. 2023ರಲ್ಲಿ ಕೂ ಬೊನ್-ಮೂ ಅವರ ಹೆಂಡತಿ, ಹೆಣ್ಣುಮಕ್ಕಳು ಆಸ್ತಿ ಹಂಚಿಕೆ ಪ್ರಶ್ನಿಸಿ ಕೋರ್ಟಿಗೆ ಹೋದರು. ಹೆಣ್ಣುಮಗಳಾಗಿ ಹೇಳುತ್ತೇನೆ, ಅವರು ಕೋರ್ಟಿಗೆ ಹೋದದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಹೀಗಿರುವಾಗ ಸೀರಿಯಲ್‌ನವರು ಎಡವುವುದು ಎಲ್ಲಿ? ಒಂದು, ಬೋರ್ಡ್ ಮೀಟಿಂಗ್‌ನಲ್ಲಿ. ನಾಯಕ ಬಾಗಿಲು ತಳ್ಳಿಕೊಂಡು ಬರುತ್ತಾನೆ, ಪೆನ್‌ಡ್ರೈವ್ ಎಸೆಯುತ್ತಾನೆ, ಪರದೆಯ ಮೇಲೆ ವಿಡಿಯೋ ಓಡುತ್ತದೆ, ಖಳನಾಯಕ ಕುಸಿಯುತ್ತಾನೆ. ಇಂಥ ಮೀಟಿಂಗ್ ನಾನು ಕಂಡಿಲ್ಲ. ಸೋಲು ಗೆಲುವು ತೀರ್ಮಾನವಾಗುವುದು ಶೇರುದಾರರ ಸಭೆಗೆ ಮುಂಚೆ, ಪ್ರಾಕ್ಸಿ ಫಾರಂಗಳನ್ನು, ಅಂದರೆ ಸಭೆಗೆ ಬಾರದವರು ತಮ್ಮ ಮತವನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಕಾಗದಗಳನ್ನು ಎಣಿಸುವ ಕೋಣೆಯಲ್ಲಿ. ಯಾರ ಫಾರಂನಲ್ಲಿ ದಿನಾಂಕ ಬಿಟ್ಟುಹೋಗಿದೆ, ಯಾರದ್ದು ತಡವಾಗಿ ಬಂತು, ಒಬ್ಬನೇ ಶೇರುದಾರ ಎರಡು ಕಡೆಗೂ ಬರೆದುಕೊಟ್ಟಿದ್ದರೆ ಯಾವುದು ಲೆಕ್ಕಕ್ಕೆ ಅಂತ ಅಲ್ಲಿ ನಡೆಯುವ ವಾದ ನೋಡಬೇಕು. ಎರಡೂ ಕಡೆಯ ವಕೀಲರು ಒಂದೇ ಕಾಗದದ ಮೇಲೆ ಬಗ್ಗಿರುತ್ತಾರೆ, ಎಣಿಸುವವರ ಬೆರಳು ನಡುಗುತ್ತಿರುತ್ತದೆ. ಅದನ್ನು ಚೆನ್ನಾಗಿ ತೆಗೆದರೆ ಪ್ರೇಕ್ಷಕರು ಕುರ್ಚಿಯ ತುದಿಗೆ ಬರುತ್ತಾರೆ.

ಅದು ಹಾಗಿರಲಿ. ನಾನು ಪತ್ರ ಬರೆಯಲು ಕೂತದ್ದು ಆ ಹುಡುಗನಿಗಾಗಿ.

ಚೇರ್ಮನ್ ಅವನ ಮೈಗೆ ಬಂದ ಮೇಲೆ ಅವನು ಎಲ್ಲಿ ಹೋದ? ಬಹುಪಾಲು ಕಥೆಗಳು ಈ ಪ್ರಶ್ನೆ ಕೇಳುವುದೇ ಇಲ್ಲ. ಮೊದಲ ಕಂತಿನಲ್ಲಿ ಅವನೊಬ್ಬ ಇರುತ್ತಾನೆ. ಕೆಲಸ ಖಾಯಂ ಆಗಲಿ ಅಂತ ಕಾಯುತ್ತಿರುತ್ತಾನೆ. ಸಾಲ ಇರುತ್ತದೆ, ಮನೆಯಲ್ಲಿ ತಾಯಿ ಇರುತ್ತಾರೆ. ಎರಡನೇ ಕಂತಿನ ಹೊತ್ತಿಗೆ ಅವನ ಮುಖ ಮಾತ್ರ ಉಳಿದಿರುತ್ತದೆ. ಒಳಗೆ ಮುದುಕ. ತಾಯಿ ಬಡಿಸಿದ ಊಟವನ್ನು ಮುದುಕ ಉಣ್ಣುತ್ತಾನೆ. ಮಗ ಯಾಕೋ ಬದಲಾಗಿದ್ದಾನೆ, ಜವಾಬ್ದಾರಿ ಬಂದಿದೆ ಅಂತ ಆಕೆ ಖುಷಿಪಡುತ್ತಾಳೆ. ನಾವೂ ನೋಡಿ ಖುಷಿಪಡಬೇಕು ಅಂತ ಹಿನ್ನೆಲೆಯಲ್ಲಿ ಸಂಗೀತ ಬರುತ್ತದೆ. ನನಗೆ ಆಗುವುದಿಲ್ಲ. ಆಕೆಯ ಮಗ ಸತ್ತಿದ್ದಾನೆ, ಆಕೆಗೆ ಯಾರೂ ಹೇಳಿಲ್ಲ.

ಮುದುಕನಿಗೆ ಮಕ್ಕಳು ಮೋಸ ಮಾಡಿದರು, ಒಪ್ಪೋಣ. ಆದರೆ ಆ ಮಕ್ಕಳನ್ನು ಹಾಗೆ ಬೆಳೆಸಿದ್ದು ಅವನೇ. ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ, ಪಟ್ಟ ಯಾರಿಗೆ ಅಂತ ಕೊನೆಯವರೆಗೂ ಹೇಳದೆ ಆಟ ಆಡಿಸಿದ್ದೂ ಅವನೇ. ಹುಡುಗ ಯಾರಿಗೂ ಏನೂ ಮಾಡಿರಲಿಲ್ಲ. ಅವನ ದುಡಿಮೆಯ ಲಾಭ ಮೊದಲೇ ಮುದುಕನ ಮನೆ ಸೇರಿತ್ತು. ಈಗ ವಯಸ್ಸೂ ಸೇರಿತು, ಮೈಯೂ ಸೇರಿತು. ಇದನ್ನು ನ್ಯಾಯ ಸಿಕ್ಕಿದ ಕಥೆ ಅಂತ ಹೇಗೆ ನೋಡಲಿ?

ನಾನು ಕಂಡ ಸಭೆಗಳಲ್ಲೂ ಇಂಥ ಹುಡುಗರಿದ್ದರು. ಮೈಕು ಹಿಡಿದುಕೊಂಡು ಓಡಾಡುತ್ತಿದ್ದರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುತ್ತಿದ್ದರು. ಅಣ್ಣ ತಮ್ಮಂದಿರ ಜಗಳದಲ್ಲಿ ಒಂದು ವಿಭಾಗ ಮುಚ್ಚಿದರೆ ಮೊದಲು ಮನೆಗೆ ಹೋಗುತ್ತಿದ್ದವರು ಅವರು. ಗೆದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಇವರ ಹೆಸರು ಬರುತ್ತಿರಲಿಲ್ಲ.

ಸೀರಿಯಲ್ ಬರೆಯುವವರು ನಿಮ್ಮ ಓದುಗರಲ್ಲಿದ್ದರೆ ಅವರಲ್ಲಿ ಒಂದು ಕೋರಿಕೆ. ಅದಲುಬದಲು ಅಂದ ಮೇಲೆ ಎರಡೂ ಕಡೆ ಆಗಲಿ. ಮುದುಕ ಹುಡುಗನ ಮೈಗೆ ಬಂದಂತೆ, ಹುಡುಗ ಮುದುಕನ ಮೈಯಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ ಕಣ್ಣು ಬಿಡಲಿ. ಸುತ್ತ ನಿಂತ ಮಕ್ಕಳ ಕೈಯಲ್ಲಿ ಕಾಗದಗಳಿವೆ. ಶೇರೆಲ್ಲ ಈಗ ಅವನ ಹೆಬ್ಬೆಟ್ಟಿನ ಅಡಿಯಲ್ಲಿದೆ. ಮಾತು ಬರುವುದಿಲ್ಲ, ಕೈ ಮಾತ್ರ ಆಡುತ್ತದೆ. ಗುತ್ತಿಗೆ ನೌಕರನ ಸಂಬಳದ ಚೀಟಿ ಹೇಗಿರುತ್ತದೆ ಅಂತ ಗೊತ್ತಿರುವ ಒಬ್ಬ ಚೇರ್ಮನ್! ಅವನು ಯಾವ ಕಾಗದಕ್ಕೆ ಒತ್ತುತ್ತಾನೆ, ಯಾವುದನ್ನು ಪಕ್ಕಕ್ಕೆ ತಳ್ಳುತ್ತಾನೆ? ಅವನ ತಾಯಿ ಆ ವಾರ್ಡಿಗೆ ಬಂದರೆ ಗುರುತು ಹಿಡಿಯುತ್ತಾಳಾ?

ಅಂಥ ಸೀರಿಯಲ್ ಯಾವ ಭಾಷೆಯಲ್ಲಿ ಬಂದರೂ ನಿಮ್ಮ ಪುರವಣಿಯಲ್ಲಿ ದಯವಿಟ್ಟು ತಿಳಿಸಿ. ಒಂದು ಸಾಲಿನಲ್ಲಿ ಮುಗಿಸದೆ, ಸ್ವಲ್ಪ ಜಾಗ ಕೊಟ್ಟು ಬರೆಯಿರಿ.

ಇಂತಿ,
ಕಂಪನಿಯೊಂದರ ಶೇರು ವಿಭಾಗದ ನಿವೃತ್ತ ಉದ್ಯೋಗಿ